ಲಾಗಿನ್ ಬೇರೆ, ಅಂಗಡಿ ಬೇರೆ

ಒಬ್ಬ ವ್ಯಾಪಾರಿಗೆ ಒಂದು ಅಕೌಂಟ್ ಅಂತ ಲೇಖನದಲ್ಲಿ ಬರ್ದಿದೀರಲ್ಲ ಸರ್, ಅಂಗಡಿಗಳು ಬಿಟ್‌ಕಾಯಿನ್ ತಗೊಳ್ಳೋಕೆ ಬಳಸೋ ಸಾಫ್ಟ್‌ವೇರ್ ಬಿಟಿಸಿಪೇ ಸರ್ವರ್‌ನಲ್ಲಿ ಹಾಗಿಲ್ಲ. ಅಲ್ಲಿ ಯೂಸರ್ ಬೇರೆ, ಸ್ಟೋರ್ ಬೇರೆ. ಒಂದೇ ಲಾಗಿನ್‌ನಲ್ಲಿ ಮೂರು ಸ್ಟೋರ್ ಬೇಕಾದ್ರೂ ಮಾಡ್ಕೋಬೋದು, ಒಂದೊಂದಕ್ಕೂ ಅದರದ್ದೇ ವ್ಯಾಲೆಟ್ಟು ಅದರದ್ದೇ ಇನ್‌ವಾಯ್ಸ್ ಸೆಟ್ಟಿಂಗು, ಹಾಗೇ ಒಂದೇ ಸ್ಟೋರಿಗೆ ನಾಲ್ಕು ಜನರನ್ನ ಓನರ್, ಮ್ಯಾನೇಜರ್, ಎಂಪ್ಲಾಯಿ, ಗೆಸ್ಟ್ ಅಂತ ರೋಲ್ ಕೊಟ್ಟು ಸೇರಿಸ್ಬೋದು, ಗಲ್ಲಾದಲ್ಲಿ ಕೂತ ಹುಡುಗ ಬಿಲ್ ಮಾಡ್ತಾನೆ ಆದ್ರೆ ವ್ಯಾಲೆಟ್ ಸೆಟ್ಟಿಂಗ್ ಮುಟ್ಟೋಕಾಗಲ್ಲ.

ನಂಗೆ ಹಿಡಿಸಿದ್ದು ಅದಲ್ಲ. ಸ್ಟೋರಿಗೆ ಎಕ್ಸ್‌ಪಬ್ (ವ್ಯಾಲೆಟ್ಟಿನ ಅಡ್ರೆಸ್ ಹುಟ್ಟಿಸೋಕೆ ಬರೋ, ದುಡ್ಡು ಎತ್ತೋಕೆ ಬಾರದ ಪಬ್ಲಿಕ್ ಕೀ) ಒಂದು ಕೊಟ್ರೆ ಪ್ರತಿ ಬಿಲ್ಲಿಗೂ ಹೊಸ ಅಡ್ರೆಸ್ ತಾನೇ ಹುಟ್ಟಿಸ್ಕೊಳತ್ತೆ, ದುಡ್ಡು ಎತ್ತೋಕೆ ಬೇಕಾದ ಪ್ರೈವೇಟ್ ಕೀ ನಮ್ಮ ಹತ್ರಾನೇ. ಸರ್ವರ್ ನಡೆಸೋನು ಲೆಕ್ಕ ನೋಡ್ಬೋದು, ಬಂದಿರೋ ದುಡ್ಡು ಎತ್ತೋಕಾಗಲ್ಲ. (ಎಕ್ಸ್‌ಪಬ್ಬನ್ನೇ ಬದಲಾಯ್ಸಿ ಮುಂದೆ ಬರೋದನ್ನ ತಿರುಗಿಸ್ಕೊಂಡ್ರೆ ಅದು ಬೇರೆ ಕಥೆ, ಅದಕ್ಕೇ ಗೊತ್ತಿಲ್ದೇ ಇರೋರ ಸರ್ವರಿಗೆ ಹೋಗ್ಬೇಡಿ.) ಹಾಟ್ ವ್ಯಾಲೆಟ್ ಮಾಡ್ಕೊಂಡ್ರೆ ಮಾತ್ರ ಕೀ ಸರ್ವರಲ್ಲೇ ಕೂರತ್ತೆ, ಆಗ ಈ ಮಾತೆಲ್ಲ ವೇಸ್ಟು.

ಇಷ್ಟೆಲ್ಲ ಇದ್ರೂ 2022ರಿಂದ ಕ್ರಿಪ್ಟೋ ಲಾಭಕ್ಕೆ 30% ಟ್ಯಾಕ್ಸು, ಮೇಲೆ 1% ಟಿಡಿಎಸ್ಸು ಇರೋ ನಮ್ಮಲ್ಲಿ ಬೈಟೂ ಕಾಫಿಗೆ ಬಿಟ್‌ಕಾಯಿನ್ ಯಾರ್ ಕೊಡ್ತಾರೆ ಹೇಳಿ, ಯುಪಿಐ ಸ್ಕ್ಯಾನ್ ಮಾಡಿ ಹೋಗ್ತಾ ಇರ್ತಾರೆ.