ನಕ್ಷೆಗೇಕೆ ಇಷ್ಟು ಅವಸರ?

ಚಂದದ ದಾರಿ ಹುಡುಕಲು ಕೂತರೆ ಮೊಬೈಲ್ ನಕ್ಷೆ ಬೇಗ ಮುಟ್ಟುವ ದಾರಿಯನ್ನೇ ತೋರಿಸುತ್ತದೆ. ಅಲ್ಲ ಮಾರಾಯರೇ, ನನಗೇನು ಅಲ್ಲಿ ಲಗ್ನದ ಮುಹೂರ್ತ ಮೀರುತ್ತಿದೆಯೇ?

ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹೊರಟು ಲಾಕ್ ಲೋಮಂಡ್ ಸರೋವರದ ದಂಡೆ, ಗ್ಲೆನ್‌ಕೋ ಕಣಿವೆ, ಗ್ಲೆನ್‌ಫಿನ್ನನ್‌ನ 21 ಕಮಾನುಗಳ ರೈಲು ಸೇತುವೆ ನೋಡಿಕೊಂಡು, ಮಾಲೇಗ್‌ನಲ್ಲಿ ಕಾರನ್ನು ಹಡಗಿಗೆ ಹತ್ತಿಸಿ ಸ್ಕೈ ದ್ವೀಪ ಸೇರಬೇಕೆಂಬುದು ನನ್ನ ಆಸೆ. ನಕ್ಷೆಗೆ ಹಡಗು ಕಂಡರಾಗದು. ಪ್ರತಿ ಸಲವೂ ನನ್ನನ್ನು ದ್ವೀಪಕ್ಕೆ ರಸ್ತೆ ಜೋಡಿಸುವ ಸ್ಕೈ ಸೇತುವೆಯ ಕಡೆಗೇ ಎಳೆಯುತ್ತದೆ. ನಡುವೆ ಒಂದು ಊರು ಸೇರಿಸಿದರೆ ಇನ್ನೊಂದು ತಾನಾಗಿ ಜಾರಿಹೋಗುತ್ತದೆ.

ಅದು ತೋರಿಸುವ ಸಮಯವಂತೂ ಶುದ್ಧ ಬೊಗಳೆ. ಆ್ಯಪಲ್‌ಕ್ರಾಸ್‌ಗೆ ಹೋಗುವ ಬ್ಯಾಲಖ್ ನ ಬಾ ಘಟ್ಟವನ್ನೇ ನೋಡಿ. ಸಮುದ್ರದ ಮಟ್ಟದಿಂದ 626 ಮೀಟರ್ ಏರುವ, ಒಂದೇ ಕಾರು ಹಿಡಿಸುವ ದಾರಿ. ಕಾರು ಕಲಿಯುವವರು ಬರಬೇಡಿ ಎಂದು ಬುಡದಲ್ಲೇ ಫಲಕವಿದೆ. ಎದುರಿಗೆ ವಾಹನ ಬಂದರೆ ಎಡಕ್ಕೆ ರಸ್ತೆ ಅಗಲವಾಗಿರುವ ತಂಗುಜಾಗಕ್ಕೆ ಸರಿಯಬೇಕು. ತಂಗುಜಾಗ ಬಲಕ್ಕಿದ್ದರೆ ಅದರ ಎದುರಲ್ಲೇ ನಿಂತು ದಾರಿ ಬಿಡಬೇಕು. ಕೆಲವೊಮ್ಮೆ ತಿರುವಿನಲ್ಲಿ ಹಿಮ್ಮುಖವಾಗಿ ಹೋಗುವ ಪಾಡು. ಇನ್ನು ರಸ್ತೆಯ ಮಧ್ಯೆ ಮಲಗಿದ ಕುರಿಗಳಿಗೆ ಹಾರ್ನ್ ಎಂದರೆ ಲಾಲಿಹಾಡು. ಇವೆಲ್ಲ ನಕ್ಷೆಯ ಲೆಕ್ಕಕ್ಕೆ ಬರುವುದೇ ಇಲ್ಲ.

ನಿನ್ನೆ ರಾತ್ರಿ ಹನ್ನೊಂದರವರೆಗೆ ಕೂತು ಒಂದು ದಾರಿ ಜೋಡಿಸಿದ್ದೆ. ಉಳಿಸಲು ಹೋದಾಗ ಕೇಳಿತು: ‘ಇದಕ್ಕಿಂತ ಬೇಗ ತಲುಪುವ ದಾರಿಯಿದೆ, ಬದಲಿಸಲೇ?’