ಸತ್ಯಾಂಶ: ಒಂದು ಚಕ್ರ ಗಾಳಿಯಲ್ಲಿದ್ದರೂ ಎಲ್‌ಎಸ್‌ಡಿ ಕಾರನ್ನು ಎಳೆಯುತ್ತದೆಯೇ?

ಎಲ್‌ಎಸ್‌ಡಿ ಎಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್: ಎಂಜಿನ್ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುತ್ತಾ, ಒಂದು ಜಾರಿದಾಗ ಬಲವೆಲ್ಲ ಅಲ್ಲೇ ಪೋಲಾಗದಂತೆ ನೋಡಿಕೊಳ್ಳುವ ಜೋಡಣೆ. "ಯಾವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿದರೂ ಸರಿ, ಒಂದು ಚಕ್ರ ನೆಲ ಬಿಟ್ಟರೂ ಇನ್ನೊಂದು ಪೂರ್ತಿ ಎಳೆಯುತ್ತದೆ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ಟಾರ್ಸನ್‌ನಂಥ (ಇದೊಂದು ಬ್ರ್ಯಾಂಡ್) ಗೇರ್ ಮಾದರಿ ಕೆಲಸ ಮಾಡುವುದು ಗುಣಾಕಾರದ ಲೆಕ್ಕದಲ್ಲಿ. ಎರಡು ಚಕ್ರಗಳ ತಿರುಗುಬಲದ ಗರಿಷ್ಠ ಅನುಪಾತ 2.5 ಎಂದಿಟ್ಟುಕೊಳ್ಳಿ: ಜಾರುವ ಚಕ್ರ 100 ನ್ಯೂಟನ್ ಮೀಟರ್ (ತಿರುಗುಬಲದ ಅಳತೆ) ತಡೆದುಕೊಂಡರೆ ಇನ್ನೊಂದಕ್ಕೆ ಹೆಚ್ಚೆಂದರೆ 250 ಸಿಗುತ್ತದೆ. ಚಕ್ರ ಗಾಳಿಯಲ್ಲಿದ್ದರೆ? ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆಗ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಆ ಚಕ್ರಕ್ಕೆ ತಡೆ ಹುಟ್ಟಿ, ಎಳೆತ ಸ್ವಲ್ಪ ಮರಳುತ್ತದೆ.

ಕ್ಲಚ್ ಪ್ಲೇಟ್ ಮಾದರಿಯಲ್ಲಿ ಪ್ರೀಲೋಡ್, ಅಂದರೆ ಪ್ಲೇಟ್‌ಗಳನ್ನು ಮೊದಲೇ ಒತ್ತಿ ಹಿಡಿದಿರುವ ಬಲ, ಇರುವುದರಿಂದ ಎಳೆತ ಪೂರ್ತಿ ಸಾಯುವುದಿಲ್ಲ. ಆದರೆ ಪ್ಲೇಟ್‌ಗಳು ಸವೆಯುತ್ತವೆ, ಅದಕ್ಕೊಪ್ಪುವ ಎಣ್ಣೆಯೇ ಬೇಕು, ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಕಟಕಟ ಸದ್ದೂ ಬರಬಹುದು.

ದಿನಾ ರಸ್ತೆಯಲ್ಲಿ ಓಡಿಸುವವರಿಗೆ ನಾನು ಗೇರ್ ಮಾದರಿಯನ್ನೇ ಹೇಳುತ್ತೇನೆ. ಟ್ರ್ಯಾಕ್‌ ತಿರುವಿನಲ್ಲಿ ಒಳಚಕ್ರ ಎತ್ತುವ ಕಾರಾದರೆ ಪ್ಲೇಟ್ ಮಾದರಿ.