ಎರಡು ಗಾದೆ, ಎರಡು ಕಳ್ಳತನ

ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಕಳ್ಳತನಗಳ ಚರ್ಚೆಯಾಯಿತು. ಮೊದಲನೆಯದು, ಹತ್ತೊಂಬತ್ತರ ಹುಡುಗನೊಬ್ಬ ನಿಲ್ಲಿಸಿದ್ದ ಬೈಕ್ ಕದ್ದು ಸಿಕ್ಕಿಬಿದ್ದದ್ದು. ಸುದ್ದಿಯಲ್ಲಿ ಅವನ ಬಡಾವಣೆಯ ಹೆಸರಿತ್ತು, ಅಷ್ಟೇ ಸಾಕಾಯಿತು. “ಅಲ್ಲಿಯವರೆಲ್ಲ ಹಾಗೆಯೇ. ಹುಟ್ಟುಗುಣ ಸುಟ್ಟರೂ ಹೋಗದು” ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಎರಡನೆಯದು ನಮ್ಮವರದೇ. ದೂರದ ಸಂಬಂಧಿಯೊಬ್ಬ ತಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಲೆಕ್ಕ ತಿದ್ದಿ ಹಣ ಲಪಟಾಯಿಸಿದ್ದ. ಅದೇ ದೊಡ್ಡಪ್ಪ ಬರೆದರು: “ಪಾಪ, ಒಳ್ಳೆಯ ಹುಡುಗ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ.”

ಲಪಟಾಯಿಸಿದ ಹಣಕ್ಕೆ ಅಂಥ ಬೈಕುಗಳು ಎಷ್ಟು ಬರುತ್ತಿದ್ದವು ಎಂಬ ಲೆಕ್ಕವನ್ನು ಯಾರೂ ಹಾಕಲಿಲ್ಲ.

ದೊಡ್ಡಪ್ಪನನ್ನು ಹೀಗಳೆಯಲು ಇದನ್ನು ಬರೆಯುತ್ತಿಲ್ಲ. ಎರಡೂ ಗಾದೆಗಳು ನನ್ನ ಬಾಯಲ್ಲೂ ಇವೆ. ಯಾವುದನ್ನು ಯಾರಿಗೆ ತೆಗೆಯುತ್ತೇವೆ ಎನ್ನುವುದು ಮಾತ್ರ ನನ್ನನ್ನು ಕಾಡುತ್ತಿದೆ.

ಹುಟ್ಟುಗುಣದ ವಾದಕ್ಕೆ ಒಂದು ಕಾಲದಲ್ಲಿ ವಿಜ್ಞಾನದ ಮುದ್ರೆಯೂ ಬಿದ್ದಿತ್ತು. ಇಟಲಿಯ ವೈದ್ಯ ಲೊಂಬ್ರೊಸೊ 1876ರಲ್ಲಿ ತಲೆಬುರುಡೆ, ದವಡೆ, ಕಿವಿಗಳ ಆಕಾರದಲ್ಲಿ ‘ಹುಟ್ಟು ಅಪರಾಧಿ’ಯನ್ನು ಗುರುತಿಸಬಹುದು ಎಂದು ವಾದಿಸಿದ. ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಇಲ್ಲಿ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದಿದ್ದರು. ತಪ್ಪು ಮಾಡದಿದ್ದರೂ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. 1952ರಲ್ಲಿ ಆ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ.

ಇದಕ್ಕೆ ಗಟ್ಟಿಯಾದ ಉತ್ತರ ಸಿಕ್ಕಿದ್ದು ಷಿಕಾಗೊದಲ್ಲಿ. ಕ್ಲಿಫರ್ಡ್ ಷಾ ಮತ್ತು ಹೆನ್ರಿ ಮೆಕೇ ಎಂಬಿಬ್ಬರು ಸಮಾಜಶಾಸ್ತ್ರಜ್ಞರು ನ್ಯಾಯಾಲಯಕ್ಕೆ ಬಂದ ಬಾಲಾಪರಾಧಿಗಳ ಮನೆಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ಗುರುತಿಸಿದರು. ಹಲವು ದಶಕಗಳ ದಾಖಲೆ ಅದು. ಊರಿನ ನಡುಭಾಗದ ಹಳೆಯ ಕೇರಿಗಳಲ್ಲಿ ಮೊದಲು ಜರ್ಮನ್ನರು, ಐರಿಷರು ಇದ್ದರು; ಅವರು ಖಾಲಿ ಮಾಡಿದ ಮನೆಗಳಿಗೆ ಪೋಲೆಂಡಿನವರು, ಇಟಲಿಯವರು ಬಂದರು. ಜನ ಬದಲಾದರು, ಭಾಷೆ ಬದಲಾಯಿತು, ಚುಕ್ಕಿಗಳು ಮಾತ್ರ ಅದೇ ಕೇರಿಗಳಲ್ಲಿ ಒತ್ತಾಗಿ ಉಳಿದವು. ಅಲ್ಲಿಂದ ಎದ್ದು ಒಳ್ಳೆಯ ಬಡಾವಣೆಗೆ ಹೋದ ಸಮುದಾಯಗಳಲ್ಲಿ ಪ್ರಮಾಣ ಇಳಿಯಿತು. ರಕ್ತದಲ್ಲೇ ಇದ್ದಿದ್ದರೆ ಗಂಟುಮೂಟೆಯ ಜೊತೆ ಅದೂ ಹೊರಡಬೇಕಿತ್ತಲ್ಲ?

ಹಾಗಾದರೆ ಪರಿಸರವೇ ಕಾರಣ ಎಂದು ಮುಗಿಸಿಬಿಡಬಹುದೇ? ಇಲ್ಲೇ ನಾವು ಜಾರುವುದು. ಪರಿಸರ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಇಕ್ಕಟ್ಟಾದ ಗಲ್ಲಿ, ಕುಡುಕ ಅಪ್ಪ, ಶಾಲೆ ಬಿಟ್ಟ ಹುಡುಗರು. ಹವಾನಿಯಂತ್ರಿತ ಕಚೇರಿಯೂ ಒಂದು ಪರಿಸರ ಎಂದು ಹೊಳೆಯುವುದೇ ಇಲ್ಲ. ಎಡ್ವಿನ್ ಸದರ್‌ಲ್ಯಾಂಡ್ ಎಂಬ ಸಮಾಜಶಾಸ್ತ್ರಜ್ಞ ಹೇಳಿದ್ದು ಇದನ್ನೇ. ಅಪರಾಧವನ್ನು ಮನುಷ್ಯ ತನ್ನ ಹತ್ತಿರದವರಿಂದ ಕಲಿಯುತ್ತಾನೆ. ಕೈಚಳಕವನ್ನಷ್ಟೇ ಅಲ್ಲ, ‘ಇದರಲ್ಲೇನು ತಪ್ಪಿದೆ’ ಎಂಬ ಸಮಜಾಯಿಷಿಯನ್ನೂ ಕಲಿಯುತ್ತಾನೆ. ಬಡತನವೊಂದೇ ಕಾರಣವೆಂದರೆ ಕೋಟು ತೊಟ್ಟವರ ವಂಚನೆಗೆ ಏನು ಹೇಳುತ್ತೀರಿ ಎಂದು 1939ರಲ್ಲೇ ಕೇಳಿದ. ಹತ್ತು ವರ್ಷಗಳ ನಂತರ 70 ದೊಡ್ಡ ಕಂಪನಿಗಳ ಕಾನೂನುಭಂಗಗಳ ಬಗ್ಗೆ ಪುಸ್ತಕ ತಂದಾಗ, ಮಾನನಷ್ಟ ಮೊಕದ್ದಮೆಯ ಭಯಕ್ಕೆ ಕಂಪನಿಗಳ ಹೆಸರನ್ನೇ ಕೈಬಿಡಬೇಕಾಯಿತು. ಹೆಸರುಗಳಿರುವ ಪೂರ್ಣ ಆವೃತ್ತಿ ಬಂದದ್ದು 1983ರಲ್ಲಿ, ಅವನು ಸತ್ತು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಬೈಕ್ ಕದ್ದ ಹುಡುಗನ ಬಡಾವಣೆಯ ಹೆಸರು ಮಾತ್ರ ಮರುದಿನವೇ ಅಚ್ಚಾಗುತ್ತದೆ.

ಪದಗಳೂ ನಮ್ಮನ್ನು ಆಡಿಸುತ್ತವೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕಾಲ್ಪನಿಕ ನಗರವೊಂದರ ಅಪರಾಧದ ವಿವರ ಓದಿಸಿದರು. ಅಂಕಿಅಂಶಗಳೆಲ್ಲ ಒಂದೇ. ಕೆಲವರಿಗೆ ಅಪರಾಧವನ್ನು ಮೃಗ ಎಂದೂ ಇನ್ನು ಕೆಲವರಿಗೆ ರೋಗಾಣು ಎಂದೂ ಬಣ್ಣಿಸಲಾಗಿತ್ತು. ಮೃಗದ ಗುಂಪಿನಲ್ಲಿ ಪೊಲೀಸು, ಜೈಲು ಬೇಕೆಂದವರು ಹೆಚ್ಚಿದ್ದರು. ಮೂಲ ಕಾರಣ ಹುಡುಕಿ ಸರಿಪಡಿಸಬೇಕೆಂಬ ಮಾತು ರೋಗಾಣುವಿನ ಗುಂಪಿನಲ್ಲಿ ಹೆಚ್ಚು ಕೇಳಿತು. ಹಾಗೇಕೆ ಹೇಳಿದಿರಿ ಎಂದರೆ ಬಹುತೇಕರು ಬೆರಳು ತೋರಿದ್ದು ಅಂಕಿಅಂಶಗಳತ್ತ! ನಮ್ಮ ಪತ್ರಿಕೆಗಳು ಒಂದೇ ಪುಟದಲ್ಲಿ ‘ಕಾಮುಕ ಮೃಗ’ ಎಂದೂ ‘ಸಾಮಾಜಿಕ ಪಿಡುಗು’ ಎಂದೂ ಬರೆಯುತ್ತವೆ. ನಾವು ಆ ದಿನ ಯಾವ ಶೀರ್ಷಿಕೆ ಓದಿದೆವೋ ಅದೇ ನಮ್ಮ ಅಭಿಪ್ರಾಯ.

(ಸಿನಿಮಾ, ಮೊಬೈಲಿನಿಂದಲೇ ಎಲ್ಲ ಕೆಟ್ಟಿತು ಎನ್ನುವವರಿಗೆ: ಕೊಲೆ, ಸುಲಿಗೆಗಳು ಇವೆರಡಕ್ಕಿಂತ ಹಳೆಯವು.)

ಇಷ್ಟೆಲ್ಲ ಹೇಳಿ ಕಳ್ಳತನಕ್ಕೆ ಕ್ಷಮೆ ಕೊಡಿ ಎನ್ನುತ್ತಿಲ್ಲ. ಬೈಕ್ ಕಳೆದುಕೊಂಡವನಿಗೆ ಕದ್ದವನ ಬಾಲ್ಯದ ಕಥೆಯಿಂದ ಏನೂ ಬರುವುದಿಲ್ಲ. ಅಷ್ಟೇ ಅಲ್ಲ, ಅಪರಾಧಶಾಸ್ತ್ರಜ್ಞರಾದ ಗ್ಲೂಯೆಕ್ ದಂಪತಿ 1940ರ ಸುಮಾರಿಗೆ ಬಾಸ್ಟನ್ನಿನಲ್ಲಿ 500 ಬಾಲಾಪರಾಧಿಗಳನ್ನು ಅಧ್ಯಯನಕ್ಕೆ ತೆಗೆದುಕೊಂಡಾಗ, ಅಂಥದೇ ಬಡ ಕೇರಿಗಳಿಂದ ತಪ್ಪು ದಾರಿ ಹಿಡಿಯದ 500 ಹುಡುಗರೂ ಸಿಕ್ಕಿದ್ದರು. ಅವರನ್ನು ಕಾಣದೆ ‘ಅಲ್ಲಿಯವರೆಲ್ಲ’ ಎನ್ನುವುದು ಎಂಥ ಅನ್ಯಾಯ! ಮುಂದೆ ಸ್ಯಾಂಪ್ಸನ್ ಮತ್ತು ಲಾಬ್ ಎಂಬ ಸಂಶೋಧಕರು ಆ ಕಡತಗಳ ಧೂಳು ಕೊಡವಿ, ಅಪರಾಧಿಗಳಾಗಿದ್ದ ಹುಡುಗರ ಜೀವನವನ್ನು ಎಪ್ಪತ್ತರ ವಯಸ್ಸಿನವರೆಗೂ ಹಿಂಬಾಲಿಸಿದರು. ಬಹುಪಾಲು ಜನ ಒಂದಲ್ಲ ಒಂದು ಹಂತದಲ್ಲಿ ಆ ದಾರಿ ಬಿಟ್ಟಿದ್ದರು. ಬಿಡಿಸಿದ್ದು ಹೆಚ್ಚಾಗಿ ಸ್ಥಿರವಾದ ಕೆಲಸ, ಒಳ್ಳೆಯ ದಾಂಪತ್ಯ, ಸೈನ್ಯದ ಸೇವೆಯಂಥ ಸಾಮಾನ್ಯ ಸಂಗತಿಗಳು.

ನಮ್ಮ ಸಂಬಂಧಿ ಹಣ ಹಿಂದಿರುಗಿಸಿ ರಾಜಿಯಾದ. ಗುಂಪಿನವರೊಬ್ಬರ ಪರಿಚಯದಲ್ಲೇ ಅವನಿಗೆ ಬೇರೆ ಕೆಲಸವೂ ಸಿಕ್ಕಿತು. ನನಗೆ ಸಂತೋಷವೇ. ಮೊನ್ನೆ ರಾತ್ರಿ ಅದೇ ಗುಂಪಿನಲ್ಲಿ ಬರೆದೆ: “ಬೈಕ್ ಕದ್ದ ಆ ಹುಡುಗ ಜಾಮೀನಿನ ಮೇಲೆ ಬಂದಿದ್ದಾನಂತೆ. ಅವನಿಗೂ ಯಾರಾದರೂ ಕೆಲಸ ಕೊಡಿಸುತ್ತೀರಾ?”

ಮೂವತ್ತೊಂದು ಜನ ಓದಿದ್ದಾರೆ. ಬೆಳಿಗ್ಗೆ ದೊಡ್ಡಪ್ಪ ಸೂರ್ಯೋದಯದ ಚಿತ್ರವೊಂದನ್ನು ಕಳುಹಿಸಿದ್ದಾರೆ.